ಮೂರನೇ ಸ್ಥಾನದಲ್ಲಿದ್ದೂ ಗೆದ್ದ ಮೇಯರ್: ಜೆಫ್ ಬ್ರಾಕ್

ಪಕ್ಷೇತರ ಶಾಸಕನೊಬ್ಬ ಸರ್ಕಾರವನ್ನೇ ಉಳಿಸಿದ ಉದಾಹರಣೆ ಬೇಕಾದವರು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಜೆಫ್ ಬ್ರಾಕ್ ಅವರನ್ನು ನೆನಪಿಟ್ಟುಕೊಳ್ಳಿ. ಸೀಸದ ಕಾರ್ಖಾನೆಗೆ ಹೆಸರಾದ ಬಂದರು ಊರು ಪೋರ್ಟ್ ಪಿರಿಗೆ ಅವರು ಮೇಯರ್ ಆಗಿದ್ದರು. 2009ರ ಜನವರಿಯಲ್ಲಿ, ಮಾಜಿ ಪ್ರೀಮಿಯರ್ ರಾಬ್ ಕೆರಿನ್ ತೆರವು ಮಾಡಿದ ಫ್ರೋಮ್ ಕ್ಷೇತ್ರದ ಉಪಚುನಾವಣೆಗೆ ನಿಂತರು. (ಪ್ರೀಮಿಯರ್ ಅಂದರೆ ಅಲ್ಲಿನ ಮುಖ್ಯಮಂತ್ರಿ.)

ಈಗ ಲೆಕ್ಕ ನೋಡಿ. ಮೊದಲ ಎಣಿಕೆಯಲ್ಲಿ ಲಿಬರಲ್ ಪಕ್ಷದ ಅಭ್ಯರ್ಥಿಗೆ ಸುಮಾರು ಶೇ. 39, ಲೇಬರ್ ಪಕ್ಷಕ್ಕೆ ಶೇ. 26, ಬ್ರಾಕ್‌ಗೆ ಶೇ. 24ರ ಹತ್ತಿರ. ನಮ್ಮ ವಿಧಾನಸಭಾ ಚುನಾವಣೆಯಾಗಿದ್ದರೆ ಲಿಬರಲ್ ಗೆದ್ದು ಪಟಾಕಿ ಹೊಡೆದಾಗಿರುತ್ತಿತ್ತು. ಅಲ್ಲೂ ಲಿಬರಲ್ ನಾಯಕ ಮಾರ್ಟಿನ್ ಹ್ಯಾಮಿಲ್ಟನ್-ಸ್ಮಿತ್ ಗೆದ್ದೆವು ಎಂದು ಹೇಳಿಕೊಂಡುಬಿಟ್ಟಿದ್ದರು. ಆದರೆ ಅಲ್ಲಿಯದು ಪ್ರಾಶಸ್ತ್ಯ ಮತ; ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಂತೆ 1, 2, 3 ಎಂದು ಬರೆಯಬೇಕು. ಒಂದು ವ್ಯತ್ಯಾಸ: ಅಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಅಂಕಿ ಹಾಕುವುದು ಕಡ್ಡಾಯ.

ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಇರಲಿಲ್ಲವಾದ್ದರಿಂದ, ಕೊನೆಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚುತ್ತಾ ಬಂದರು. ನ್ಯಾಷನಲ್ ಪಕ್ಷದ ಮತಗಳು ಹಂಚಿಕೆಯಾದಾಗ ಬ್ರಾಕ್ ಬರೀ 30 ಮತಗಳಿಂದ ಲೇಬರ್ ಅನ್ನು ದಾಟಿದರು. ಇಡೀ ಪ್ರಕರಣದ ಕೀಲಿ ಇಲ್ಲಿದೆ. ಆ 30 ಮತ ಸಿಗದಿದ್ದರೆ ಹೊರಬೀಳುತ್ತಿದ್ದವರು ಬ್ರಾಕ್. ಸಿಕ್ಕಿದ್ದರಿಂದ ಲೇಬರ್ ಹೊರಬಿತ್ತು, ಅದರ ಮತಗಳಲ್ಲಿ ಹೆಚ್ಚಿನವು ಇವರಿಗೆ ಬಂದು, ಕೊನೆಗೆ ಸುಮಾರು ಶೇ. 51.7ರೊಂದಿಗೆ ಗೆದ್ದರು. ನನ್ನ ಮಟ್ಟಿಗೆ ಮೇಯರ್‌ಗಿರಿಯ ನಿಜವಾದ ಲಾಭ ಇದೇ. ರಸ್ತೆ, ಚರಂಡಿ, ಪಾರ್ಕು ಅಂತ ಓಡಾಡಿದವರಿಗೆ ಪಕ್ಷನಿಷ್ಠರು ಮೊದಲ ಮತ ಕೊಡದಿದ್ದರೂ ಎರಡನೆಯದು ಕೊಡಲು ಹಿಂಜರಿಯುವುದಿಲ್ಲ.

2014ರಲ್ಲಿ ಅತಂತ್ರ ಸದನ: 47 ಸ್ಥಾನಗಳಲ್ಲಿ ಲೇಬರ್ 23, ಲಿಬರಲ್ 22, ಪಕ್ಷೇತರರು ಇಬ್ಬರು. ಇನ್ನೊಬ್ಬ ಪಕ್ಷೇತರ ಬಾಬ್ ಸಚ್ ಅನಾರೋಗ್ಯದಿಂದ ರಜೆ ಹಾಕಿದರು. ಬ್ರಾಕ್ ಲಿಬರಲ್ ಕಡೆ ಹೋದರೂ 23–23 ಆಗಿ ಜಗ್ಗಾಟವೇ. ಲೇಬರ್ ಕಡೆ ಬಂದರೆ 24. ಸ್ಥಿರತೆಯ ಕಾರಣ ಕೊಟ್ಟು ಜೇ ವೆದರಿಲ್ ಅವರ ಲೇಬರ್ ಸರ್ಕಾರವನ್ನು ಬೆಂಬಲಿಸಿದರು, ಪ್ರಾದೇಶಿಕ ಅಭಿವೃದ್ಧಿ ಮತ್ತು ಸ್ಥಳೀಯ ಆಡಳಿತದ ಸಚಿವರಾದರು. ತಮಾಷೆಯೆಂದರೆ, 2009ರಲ್ಲಿ ಅವಸರಪಟ್ಟು ಗೆಲುವು ಸಾರಿದ್ದ ಹ್ಯಾಮಿಲ್ಟನ್-ಸ್ಮಿತ್ ಅದೇ ವರ್ಷ ಮೇ ತಿಂಗಳಲ್ಲಿ ಲಿಬರಲ್ ಬಿಟ್ಟು ಪಕ್ಷೇತರರಾಗಿ ಅದೇ ಸಂಪುಟ ಸೇರಿದರು!

ಮುಂದೆ ಕ್ಷೇತ್ರ ಮರುವಿಂಗಡಣೆಯಲ್ಲಿ ಪೋರ್ಟ್ ಪಿರಿ ಸ್ಟುವರ್ಟ್ ಕ್ಷೇತ್ರಕ್ಕೆ ಸೇರಿತು. ಬ್ರಾಕ್ ಊರಿನ ಬೆನ್ನಿಗೇ ಹೋದರು. 2022ರಲ್ಲಿ ಅಲ್ಲಿನ ಹಾಲಿ ಶಾಸಕ, ಡೆಪ್ಯುಟಿ ಪ್ರೀಮಿಯರ್ ಡ್ಯಾನ್ ವ್ಯಾನ್ ಹೋಲ್ಸ್ಟ್ ಪೆಲ್ಲೆಕಾನ್ ಅವರನ್ನೇ ಸೋಲಿಸಿದರು. ಈ ಸಲ ಲೇಬರ್‌ಗೆ ಸ್ವಂತ ಬಹುಮತವಿತ್ತು, ಇವರ ಮತದ ಹಂಗಿರಲಿಲ್ಲ. ಆದರೂ ಹೊಸ ಪ್ರೀಮಿಯರ್ ಪೀಟರ್ ಮಲಿನೌಸ್ಕಸ್ ಇವರಿಗೆ ಸ್ಥಳೀಯ ಆಡಳಿತ ಖಾತೆಯನ್ನೇ ಕೊಟ್ಟರು. 2024ರಲ್ಲಿ ಆರೋಗ್ಯದ ಕಾರಣಕ್ಕೆ ಬ್ರಾಕ್ ಸಂಪುಟ ಬಿಟ್ಟರು, ಶಾಸಕರಾಗಿ ಉಳಿದರು.