ಸ್ಪೂಕ್, ಸ್ಪೂಕಿ, ಸ್ಪೂಕ್ಡ್: ನನ್ನ ಕುದುರೆ ದೆವ್ವ ಆದ ಕಥೆ

ಮೊನ್ನೆ ಪ್ರಾಕ್ಟೀಸ್ ಪೇಪರ್‌ನಲ್ಲಿ 'ದ ಹಾರ್ಸ್ ಸ್ಪೂಕ್ಡ್' ಅಂತ ಒಂದು ಸಾಲು ಬಂತು. ಸ್ಪೂಕ್ ಅಂದ್ರೆ ದೆವ್ವ ಅಂತಷ್ಟೇ ಗೊತ್ತಿತ್ತು ನಂಗೆ, ಧೈರ್ಯವಾಗಿ 'ಕುದುರೆ ದೆವ್ವ ಆಯ್ತು' ಅಂತ ಬರೆದೆ. ಮಾರ್ಕ್ಸ್ ಅಂತೂ ಹೋಯ್ತು, ಮರೆಯೋ ಮುಂಚೆ ಬರೆದಿಟ್ಕೋತೀನಿ.

ಪದ ಮೂಲತಃ ಡಚ್, 1801ರ ಸುಮಾರಿಗೆ ಅಮೆರಿಕದ ಇಂಗ್ಲಿಷಿಗೆ ಬಂದಿದ್ದು. ಬಾಸ್, ಕುಕೀ ಕೂಡ ಅಲ್ಲಿಂದಲೇ. ನ್ಯೂಯಾರ್ಕ್ ಮೊದಲು ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿತ್ತಲ್ವಾ. ಘೋಸ್ಟ್‌ಗಿಂತ ಇದು ಹಗುರ, ಮಕ್ಕಳಿಗೆ 'ಗುಮ್ಮ ಬಂತು' ಅಂತೀವಲ್ಲ ಆ ಧಾಟಿ. 'ಭೂತ' ಅಂತ ಮಾತ್ರ ಅರ್ಥ ಬರ್ಕೋಬೇಡಿ, ತುಳುನಾಡಲ್ಲಿ ಭೂತಕ್ಕೆ ಕೋಲ ಕೊಟ್ಟು ಕೈ ಮುಗೀತಾರೆ, ಅದು ಬೇರೆನೇ ವಿಷಯ.

ಈಗ ನಾನು ಮುಗ್ಗರಿಸಿದ ಜಾಗ. ಸ್ಪೂಕ್ ಕ್ರಿಯಾಪದನೂ ಹೌದು, ಅಲ್ಲಿ ದೆವ್ವ ಇರೋದೇ ಇಲ್ಲ. ಪಟಾಕಿ ಸದ್ದಿಗೆ ಎತ್ತು ಕಿವಿ ನಿಮಿರಿಸಿ ಒಂದೇ ಸಲ ಪಕ್ಕಕ್ಕೆ ಹಾರತ್ತಲ್ಲ, ಅದಕ್ಕೆ ನಮ್ಮಲ್ಲಿ ಏನಂತಾರೆ? ಎತ್ತು ಬೆದರ್ತು. ಅದೇ ಸ್ಪೂಕ್! ಹೊಲದಲ್ಲಿ ನಿಲ್ಸೋ ಬೆದರುಬೊಂಬೆಯ 'ಬೆದರು'. ಇದು ಹೊಳೆದ ಮೇಲೆ ಎಲ್ಲಾ ಸಲೀಸು ಅನ್ಕೊಂಡೆ, ಆದ್ರೆ ಕನ್ನಡದಲ್ಲಿ ತಾನೇ ಹೆದರಿದ್ರೆ ಬೆದರ್ತು, ಇನ್ನೊಂದು ಹೆದರಿಸಿದ್ರೆ ಬೆದರಿಸ್ತು, ಇಂಗ್ಲಿಷಲ್ಲಿ ಎರಡಕ್ಕೂ ಸ್ಪೂಕ್ಡ್ ಒಂದೇ. 'ದ ಹಾರ್ಸ್ ಸ್ಪೂಕ್ಡ್' ಅಂದ್ರೆ ಕುದುರೆ ಬೆದರ್ತು, 'ದ ನಾಯ್ಸ್ ಸ್ಪೂಕ್ಡ್ ದ ಹಾರ್ಸ್' ಅಂದ್ರೆ ಸದ್ದು ಕುದುರೇನ ಬೆದರಿಸ್ತು, ಅಂದ್ರೆ ಕ್ರಿಯಾಪದ ಆದ್ಮೇಲೆ ಇನ್ನೊಬ್ರು (ಇಲ್ಲಿ 'ದ ಹಾರ್ಸ್') ನಿಂತಿದಾರಾ ಅಂತ ನೋಡ್ಬೇಕು, ನಿಂತಿದ್ರೆ 'ಇಸು' ಸೇರಿಸ್ಕೊಳ್ಳಿ. ಅದೂ ಎಲ್ಲಾ ಕಡೆ ನಡೆಯಲ್ಲ, ನ್ಯೂಸ್‌ಪೇಪರಲ್ಲಿ 'ಬಡ್ಡಿ ಏರಿಕೆ ಸುದ್ದಿ ಸ್ಪೂಕ್ಡ್ ಇನ್ವೆಸ್ಟರ್ಸ್' ಅಂತ ಇದ್ರೆ 'ಹೂಡಿಕೆದಾರರನ್ನ ಬೆದರಿಸ್ತು' ಅಂತ ಬರೆದ್ರೆ ಯಾರೋ ರೌಡಿ ಫೋನ್ ಮಾಡಿ ಧಮ್ಕಿ ಹಾಕಿದ ಹಾಗೆ ಆಗತ್ತೆ. ಅಲ್ಲಿ 'ಸುದ್ದಿ ಕೇಳಿ ಹೂಡಿಕೆದಾರರು ಬೆಚ್ಚಿದ್ರು' ಅನ್ನೋದೇ ಸರಿ.

ಸ್ಪೂಕಿ, ಸ್ಪೂಕ್ಡ್ ನಡುವೆ ಗೊಂದಲ ಆದ್ರೆ ನನ್ನ ಶಾರ್ಟ್‌ಕಟ್: ಹೆದರಿಕೆ ಹುಟ್ಟಿಸೋದು ಸ್ಪೂಕಿ, ಹೆದರ್ಕೊಂಡೋರು ಸ್ಪೂಕ್ಡ್. ಕರೆಂಟ್ ಹೋದಾಗ ಸ್ಟಡಿ ಗ್ರೂಪಲ್ಲಿ 'ಐ ಆಮ್ ಸ್ಪೂಕಿ' ಅಂತ ಹಾಕಿದ್ದೆ, 'ಅದು ನಮಗೆ ಮೊದ್ಲೇ ಗೊತ್ತು' ಅಂತ ರಿಪ್ಲೈ ಬಂತು. ಐನ್‌ಸ್ಟೈನ್ 1947ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ಗೆ ಬರೆದ ಪತ್ರದಲ್ಲಿ ಕ್ವಾಂಟಂ ಲೆಕ್ಕಾಚಾರದ ಬಗ್ಗೆ ತಕರಾರು ಎತ್ತಿದ್ರಲ್ಲ, 'ಸ್ಪೂಕಿ ಆಕ್ಷನ್ ಅಟ್ ಎ ಡಿಸ್ಟೆನ್ಸ್' (ದೂರದಿಂದಲೇ ನಡೆಯೋ ದೆವ್ವದಾಟ) ಅಂತ, ಅವರು ಜರ್ಮನ್‌ನಲ್ಲಿ ಬಳಸಿದ್ದೂ ಇದೇ ಪದದ ದಾಯಾದಿ.

ಇನ್ನೆರಡು ಅರ್ಥ ಬೇಗ ಹೇಳಿಬಿಡ್ತೀನಿ. ಒಂದು, ಗೂಢಚಾರ. 'ಸಿಐಎ ಸ್ಪೂಕ್' ಅಂತ ಸುದ್ದಿಯಲ್ಲಿ ಬಂದ್ರೆ ಯಾರೂ ಸತ್ತಿಲ್ಲ, ಕಣ್ಣಿಗೆ ಬೀಳದೆ ಓಡಾಡೋ ಏಜೆಂಟ್ ಅಷ್ಟೇ. ಇನ್ನೊಂದು ಕೊಳಕು. ಅಮೆರಿಕದಲ್ಲಿ ಕಪ್ಪು ಜನರನ್ನ ಹೀಯಾಳಿಸೋಕೆ ಇದೇ ಪದ ಬಳಸ್ತಿದ್ರು. ಎರಡನೇ ಮಹಾಯುದ್ಧದಲ್ಲಿ ಹಾರಾಡಿದ ಅಮೆರಿಕದ ಟಸ್ಕೀಗಿಯಲ್ಲಿ ತರಬೇತಿ ಪಡೆದ ಕಪ್ಪು ಪೈಲಟ್‌ಗಳು ಆ ಬೈಗುಳನೇ ಎತ್ಕೊಂಡು, ಜರ್ಮನಿಯ ವಾಯುಪಡೆ ಲುಫ್ಟ್‌ವಾಫೆಗೆ ಪ್ರಾಸ ಕೂಡಿಸಿ, ತಮ್ಮನ್ನ ತಾವೇ 'ಸ್ಪೂಕ್‌ವಾಫೆ' ಅಂತ ಕರ್ಕೊಂಡಿದ್ರಂತೆ. ಅವರು ಅನ್ಕೋಬಹುದು, ನಾವು ಮನುಷ್ಯರಿಗೆ ಈ ಪದ ಹಚ್ಚೋಕೆ ಹೋಗೋದು ಬೇಡ. ನಾನಂತೂ ಎಕ್ಸಾಮಲ್ಲಿ ದೆವ್ವಕ್ಕೆ ಘೋಸ್ಟ್ ಅಂತಲೇ ಬರೀತೀನಿ, ಸ್ಪೂಕ್‌ನ ಕುದುರೆಗೆ ಬಿಟ್ಟಿದೀನಿ.