ಕಂಪ್ಯೂಟರಿನಲ್ಲಿ 15, ಕಪಾಟಿನಲ್ಲಿ ಸೊನ್ನೆ

ಅಜ್ಜಿಯೊಬ್ಬರು ರಾಗಿ ಶಾವಿಗೆ ಕೇಳಿದರು. ಕಂಪ್ಯೂಟರ್ ನೋಡಿ "ಇದೆ ಅಮ್ಮ, 15 ಪ್ಯಾಕೆಟ್ ಇದೆ" ಎಂದೆ. ಕಪಾಟಿನಲ್ಲಿ ಒಂದೂ ಇರಲಿಲ್ಲ. ಗೋಡೌನಿನಲ್ಲೂ ಇಲ್ಲ. ಆಗ ನಾನು ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಸ್ಟಾಕ್ ನೋಡಿಕೊಳ್ಳುತ್ತಿದ್ದೆ. ಇಂಥದ್ದಕ್ಕೆ ನಮ್ಮ ಹುಡುಗರು ಇಟ್ಟಿದ್ದ ಹೆಸರು 'ದೆವ್ವದ ಸ್ಟಾಕ್'.

ಕದ್ದಿರಬೇಕು ಅಂತ ಮೊದಲು ಅನಿಸುತ್ತದೆ. ಅದೂ ಇರುತ್ತದೆ. ಆದರೆ ನಮಗೆ ಸಿಕ್ಕ ಕಾರಣ ತೀರಾ ಸಾದಾ. ಅಕ್ಕಿ, ಗೋಧಿ, ರಾಗಿ, ಮೂರೂ ಶಾವಿಗೆಗೆ ಒಂದೇ ಬೆಲೆ. ಗಿರಾಕಿ ಒಂದೊಂದು ತಂದರೆ, ಕ್ಯೂ ಉದ್ದ ಇದ್ದಾಗ, ಕೌಂಟರಿನ ಹುಡುಗಿ ಅಕ್ಕಿಯದನ್ನೇ ಮೂರು ಸಲ ಬೀಪ್ ಮಾಡುತ್ತಾಳೆ. ಬಿಲ್ಲು ಸರಿ, ದುಡ್ಡು ಸರಿ. ರಾಗಿಯದು ಮಾತ್ರ ಲೆಕ್ಕದಲ್ಲೇ ಉಳಿದುಬಿಟ್ಟಿತು.

ಇಂಥ ತಪ್ಪು ತಾನಾಗಿ ಸರಿಹೋಗುವುದಿಲ್ಲ. ದಿನಕ್ಕೆ 4 ಪ್ಯಾಕೆಟ್ ಖರ್ಚು, ಮಾಲು ಬರಲು 2 ದಿನ ಎಂದಿಟ್ಟುಕೊಳ್ಳಿ. 8 ಬೇಕು, ಏರುಪೇರಿಗೆ ಇನ್ನೊಂದು 4. ಲೆಕ್ಕ 12ಕ್ಕೆ ಇಳಿದಾಗ ಕಂಪ್ಯೂಟರ್ ಆರ್ಡರ್ ಹಾಕುತ್ತದೆ. ಆದರೆ ಇಲ್ಲದ ಮಾಲು ಮಾರಾಟ ಆಗುವುದು ಹೇಗೆ? ಸಂಖ್ಯೆ 15ರಲ್ಲೇ ನಿಂತಿರುತ್ತದೆ, ಆರ್ಡರ್ ಹೋಗುವುದೇ ಇಲ್ಲ. ಇನ್ನೂ ತಮಾಷೆ ಅಂದರೆ, ಶಾವಿಗೆ ಯಾರಿಗೂ ಬೇಡ ಅಂತ ಕಂಪ್ಯೂಟರ್ ಅಂದುಕೊಳ್ಳುತ್ತದೆ!

ಇದು ನಮ್ಮ ಅಂಗಡಿಯ ಗೋಳು ಮಾತ್ರ ಅಲ್ಲ. ನಿಕೋಲ್ ಡಿಹೊರಾಷಿಯಸ್ ಮತ್ತು ಅನಂತ್ ರಾಮನ್ ಎಂಬ ಸಂಶೋಧಕರು 37 ಅಂಗಡಿಗಳ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ತಾಳೆ ನೋಡಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 65ರಷ್ಟು ದಾಖಲೆಗಳಲ್ಲಿ ಕಂಪ್ಯೂಟರಿನ ಸಂಖ್ಯೆಗೂ ಅಂಗಡಿಯಲ್ಲಿದ್ದ ಮಾಲಿಗೂ ಹೊಂದಾಣಿಕೆ ಇರಲಿಲ್ಲ.

ದೆವ್ವ ಹಿಡಿಯಲು ಗಣಿತ ಇದೆ. ಫ್ರಾನ್ಸಿನ ಗಣಿತಜ್ಞ ಪ್ವಾಸಾನ್ 1837ರಲ್ಲಿ ಕೊಟ್ಟ ಸೂತ್ರ. ದಿನಕ್ಕೆ ಸರಾಸರಿ 4 ಹೋಗುವ ಮಾಲು, ಗಿರಾಕಿಗಳು ಅವರವರ ಪಾಡಿಗೆ ಬರುತ್ತಿದ್ದರೆ, ಒಂದು ದಿನ ಒಂದೂ ಹೋಗದಿರುವ ಸಾಧ್ಯತೆ ಶೇ. 2ಕ್ಕಿಂತ ಕಡಿಮೆ. ಸತತ ಎರಡು ದಿನ ಹೋಗದಿರುವುದು ಸುಮಾರು 3,000ಕ್ಕೆ 1. ಹಾಗಾಗಿ ದಿನಾ ಓಡುವ ಮಾಲು ಎರಡು ದಿನ ಅಲ್ಲಾಡದಿದ್ದರೆ ಕಪಾಟಿನ ಹತ್ತಿರ ಹೋಗಿ ಕಣ್ಣಾರೆ ನೋಡಬೇಕು. ಇಡೀ ಅಂಗಡಿ ಎಣಿಸುವುದಕ್ಕಿಂತ ಇದು ಎಷ್ಟೋ ವಾಸಿ. ವರ್ಷದ ಕೊನೆಯ ಆ ರಾತ್ರಿ ಎಣಿಕೆ ನೆನೆದರೆ ಈಗಲೂ ಸೊಂಟ ನೋಯುತ್ತದೆ.

ಮೊಸರಿನ ಕಥೆ ಬೇರೆ, ಅಲ್ಲಿ ಸಂಖ್ಯೆ ಸರಿಯಿದ್ದರೂ ತಾರೀಖು ಗೊತ್ತಾಗುವುದಿಲ್ಲ. 1974ರ ಜೂನ್ 26ರಂದು ಅಮೆರಿಕದ ಓಹಾಯೋದ ಟ್ರಾಯ್ ಊರಿನ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದರ ಬಾರ್‌ಕೋಡ್ ಮೊದಲ ಸಲ ಬೀಪ್ ಎಂದಿತು. ಅಂದಿನಿಂದ ಆ ಗೆರೆಗಳು ಹೇಳುತ್ತಿರುವುದು ಒಂದೇ: ಇದು ಯಾವ ಮಾಲು. ಯಾವತ್ತಿನದು ಅಂತ ಹೇಳುವುದಿಲ್ಲ. 20 ಪ್ಯಾಕೆಟ್ ಮೊಸರಿದೆ ಅಂತ ಕಂಪ್ಯೂಟರಿಗೆ ಗೊತ್ತು, ಅದರಲ್ಲಿ 6 ಇವತ್ತೇ ಹುಳಿಯಾಗುತ್ತವೆ ಅಂತ ಗೊತ್ತಿಲ್ಲ. ತಾರೀಖನ್ನೂ ಹೊರುವ ಚೌಕದ ಕೋಡ್ ಈಗ ನಿಧಾನವಾಗಿ ಬರುತ್ತಿದೆ. ನಾವು ಮಾತ್ರ ದಿನಾ ಬೆಳಿಗ್ಗೆ ಫ್ರಿಜ್ಜಿನೊಳಗೆ ತಲೆ ಹಾಕಿ, ಹಳೆಯದನ್ನು ಮುಂದಕ್ಕೆ ಎಳೆದು ಹೊಸದನ್ನು ಹಿಂದೆ ತಳ್ಳುತ್ತಿದ್ದೆವು. ಹತ್ತು ಗಂಟೆಗೆ ಗಿರಾಕಿಗಳು ಬಂದು ಸೀದಾ ಹಿಂದಿನ ಸಾಲಿಗೇ ಕೈ ಹಾಕುತ್ತಿದ್ದರು.

ನಾನೂ ಈಗ ಹಾಗೇ ಮಾಡುತ್ತೇನೆ ಬಿಡಿ.