ಅಂಟು ಹೋಗಬೇಕು, ರೇಡಿಯೋ ಉಳಿಯಬೇಕು

ಅಟ್ಟದಿಂದ ಅಜ್ಜನ ಟ್ರಾನ್ಸಿಸ್ಟರ್ ಇಳಿಸಿದೆ. ಸೆಲ್ ಹಾಕುವ ಮುಚ್ಚಳದ ಕೊಂಡಿ ಯಾವತ್ತೋ ಮುರಿದಿತ್ತು. ಬೀಳದಿರಲಿ ಅಂತ ಅಜ್ಜ ಸೆಲ್ಲೋ ಟೇಪ್ ಸುತ್ತಿದ್ದರು. ಅದು ಸಾಲದೆಂದು ಒಂದು ಕಡೆ ಕರೀ ಇನ್ಸುಲೇಷನ್ ಟೇಪನ್ನೂ ಸುತ್ತಿದ್ದರು. ಈಗ ಉಗುರು ತಾಗಿಸಿದರೆ ಸೆಲ್ಲೋ ಟೇಪ್ ಈರುಳ್ಳಿ ಸಿಪ್ಪೆಯ ಹಾಗೆ ಉದುರುತ್ತದೆ. ಅಂಟು ಮಾತ್ರ ಅಲ್ಲೇ ಕೂತಿದೆ. ಗಾಳಿ ತಾಗಿದ ಅಂಚಿನಲ್ಲಿ ಗಾಜಿನಂಥ ಹಳದಿ ಪದರ, ಒಳಗೆ ಜೋನಿ ಬೆಲ್ಲದಂಥ ಜಿಗುಟು.

ಒಂದೇ ಅಂಟು, ಎರಡು ಅವತಾರ. ಯಾಕೆ ಹೀಗೆ?

ಸೆಲ್ಲೋಫೇನ್ ಟೇಪು ಬಂದದ್ದು 1930ರಲ್ಲಿ, ಅಮೆರಿಕದ 3ಎಂ ಕಂಪನಿಯ ರಿಚರ್ಡ್ ಡ್ರೂ ಅವರ ಕೈಯಿಂದ. ಹಳೇ ಟೇಪುಗಳ ಅಂಟಿನಲ್ಲಿ ಇದ್ದದ್ದು ಮುಖ್ಯವಾಗಿ ರಬ್ಬರ್, ಜೊತೆಗೆ ಜಿಗುಟು ಬರಲು ಒಂದಿಷ್ಟು ರಾಳ. ರಬ್ಬರ್ ಅಣು ಅಂದರೆ ಉದ್ದುದ್ದ ಸರಪಳಿ. ಗಾಳಿಯ ಆಮ್ಲಜನಕ ಮೊದಲು ಈ ಸರಪಳಿಗಳನ್ನು ತುಂಡು ಮಾಡುತ್ತದೆ. ಆಗ ಅಂಟು ಜಿನುಗಿ ಎಣ್ಣೆ ಎಣ್ಣೆಯಾಗುತ್ತದೆ. ವರ್ಷಗಳು ಕಳೆದ ಹಾಗೆ ತುಂಡುಗಳು ಒಂದಕ್ಕೊಂದು ಗಂಟು ಹಾಕಿಕೊಂಡು ಬಲೆಯಾಗುತ್ತವೆ. ಅದೇ ಆ ಹಳದಿ ಗಾಜು.

ನೀರು ಸೋಪಿಗೆ ಇದು ಜಗ್ಗುವುದಿಲ್ಲ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇವಲ್ಲ, ಲೆಕ್ಕ ಇಲ್ಲೂ ಅದೇ. ಹಲಸಿನ ಮೇಣಕ್ಕೂ ರಬ್ಬರಿಗೂ ನೀರು ಕಂಡರಾಗದು, ಎಣ್ಣೆ ಅಂದರೆ ನೆಂಟಸ್ತನ. ಎಣ್ಣೆ ಅಂಟಿನೊಳಗೆ ಮೆಲ್ಲಗೆ ನುಗ್ಗಿ ಸರಪಳಿಗಳ ಹಿಡಿತ ಸಡಿಲಿಸುತ್ತದೆ. ಅರ್ಧ ಗಂಟೆ ಬಿಟ್ಟು ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿದರೆ ಜಿಗುಟು ಉಂಡೆ ಉಂಡೆಯಾಗಿ ಬರುತ್ತದೆ. ಬ್ಲೇಡು ಬೇಡ. ಪ್ಲಾಸ್ಟಿಕ್ ಮೇಲೆ ಬಿದ್ದ ಗೀರು ಹೋಗುವುದಿಲ್ಲ.

ತೊಂದರೆ ಶುರುವಾಗುವುದು ಇಲ್ಲಿ. ರೇಡಿಯೋ ಡಬ್ಬಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್ಕುಗಳಾದ ಎಬಿಎಸ್ ಆಗಲಿ, ಪಾಲಿಸ್ಟೈರೀನ್ ಆಗಲಿ, ಅವೂ ಉದ್ದ ಸರಪಳಿಯ ಅಣುಗಳೇ. ಅಂಟಿಗೂ ಪ್ಲಾಸ್ಟಿಕ್ಕಿಗೂ ಹತ್ತಿರದ ಸಂಬಂಧ. ಅಂಟನ್ನು ಬೇಗ ಕರಗಿಸುವ ದ್ರವಕ್ಕೆ ಕೆಳಗಿರುವವನೂ ರುಚಿಯೇ.

ಇದು ನನಗೆ ಗೊತ್ತಾದದ್ದು ಕೈ ಸುಟ್ಟುಕೊಂಡ ಮೇಲೆ. ಅವಸರಕ್ಕೆ ಬಿದ್ದು ಅಸಿಟೋನ್ ಇರುವ ನೈಲ್ ಪಾಲಿಶ್ ರಿಮೂವರನ್ನು ಹತ್ತಿಗೆ ಹಾಕಿ ಡಯಲ್‌ನ ಕಿಟಕಿಗೆ ಒತ್ತಿದೆ. ಎರಡೇ ಸೆಕೆಂಡು. ತೆಗೆದು ನೋಡಿದರೆ ಹತ್ತಿಯ ಎಳೆಗಳು ಪ್ಲಾಸ್ಟಿಕ್ಕಿಗೇ ಅಂಟಿಕೊಂಡಿದ್ದವು. ಮೀಡಿಯಂ ವೇವ್ ಅಂಕಿಗಳ ಮೇಲೆ ಮಂಜು ಕವಿದ ಹಾಗಿತ್ತು. ಆ ಮಂಜು ಕೊಳೆಯಲ್ಲ. ಪ್ಲಾಸ್ಟಿಕ್ಕೇ ಕರಗಿ ಒರಟಾಗಿ ಮತ್ತೆ ಗಟ್ಟಿಯಾದದ್ದು. ಒರೆಸಿದರೆ ಹೋಗುತ್ತಾ? ಇಲ್ಲ. ಥಿನ್ನರ್, ಪೆಟ್ರೋಲ್ ಕೂಡ ಇದೇ ಜಾತಿ.

‘ಕಿತ್ತಳೆ ಎಣ್ಣೆ, ಪೂರ್ತಿ ನ್ಯಾಚುರಲ್’ ಅಂತ ಬರೆದಿದ್ದರೆ ನಾನು ಇನ್ನೂ ಜಾಸ್ತಿ ಹುಷಾರಾಗುತ್ತೇನೆ. ಕಿತ್ತಳೆ ಸಿಪ್ಪೆ ಹಿಂಡಿ ಬಲೂನು ಒಡೆಯುವ ಆಟ ಆಡಿದ್ದೀರಲ್ವಾ? ಸಿಪ್ಪೆಯಲ್ಲಿರುವ ಲಿಮೊನೀನ್ ಬಲೂನಿನ ರಬ್ಬರನ್ನು ಸಡಿಲ ಮಾಡುತ್ತದೆ. ಥರ್ಮಾಕೋಲ್ ಮೇಲೆ ಆ ಎಣ್ಣೆ ಬಿದ್ದರೆ ಅದೂ ಕರಗಿ ಗುಳಿ ಬೀಳುತ್ತದೆ. ಥರ್ಮಾಕೋಲ್ ಅಂದರೆ ನೊರೆ ಬರಿಸಿದ ಪಾಲಿಸ್ಟೈರೀನ್ ತಾನೇ.

ಕೊಬ್ಬರಿ ಎಣ್ಣೆಯ ಅಣು ದೊಡ್ಡದು, ಮಂದ. ಗಟ್ಟಿ ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಅದು ಸುಲಭಕ್ಕೆ ನುಗ್ಗದು. ಹಾಗಂತ ಅದನ್ನೂ ರಾತ್ರಿಯಿಡೀ ಹಚ್ಚಿ ಮಲಗಬೇಡಿ. ಸ್ಕ್ರೂ ಬಿಗಿದು ಒತ್ತಡ ಬಿದ್ದಿರುವ ಕಡೆ ಜಿಡ್ಡು ಬಹಳ ಹೊತ್ತು ನಿಂತರೆ ಕೂದಲಿನಂಥ ಬಿರುಕು ಬಿಡಬಹುದು. ಏನೇ ಹಚ್ಚುವ ಮುಂಚೆ ಮುಚ್ಚಳದ ಒಳಮೈಗೆ ಒಂದು ಹನಿ ಬಿಟ್ಟು ನೋಡಿ. ಸ್ಪಿರಿಟ್ ಎಬಿಎಸ್ ಡಬ್ಬಿಗೆ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಅಕ್ರಿಲಿಕ್ ಕಿಟಕಿಗೆ ಬೇಡ, ಮೇಲೆ ಅಚ್ಚು ಹಾಕಿದ ಅಕ್ಷರಗಳಿಗಂತೂ ಬೇಡವೇ ಬೇಡ.

ಇನ್ನು ಆ ಗಾಜಿನಂಥ ಅಂಚು. ಗಂಟು ಬಿದ್ದ ಬಲೆ ಯಾವ ಎಣ್ಣೆಗೂ ಪೂರ್ತಿ ಕರಗುವುದಿಲ್ಲ, ಬರೀ ಉಬ್ಬುತ್ತದೆ. ಉಬ್ಬಿದರೆ ಸಾಕು, ಹಿಡಿತ ಬಿಡುತ್ತದೆ. ಹೇರ್ ಡ್ರೈಯರ್ ದೂರದಿಂದ ಹಿಡಿದೆ, ಕೈ ತಡೆಯುವಷ್ಟೇ ಬಿಸಿ. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಮೆತ್ತಗಾಗುತ್ತದೆ. ಬಿಸಿ, ಎಣ್ಣೆ, ಕಾರ್ಡು, ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ಡು. ಹೀಗೆ ಮೂರು ಸಂಜೆ ಹಿಡಿಯಿತು.

ಅಂಟು ಹೋದ ಮೇಲೆ ಕರೀ ಟೇಪ್ ಇದ್ದ ಕಡೆ ಎರಡು ಬೆರಳಗಲದ ಕೆನೆ ಬಣ್ಣದ ಪಟ್ಟಿ ಕಂಡಿತು. ಉಳಿದ ಡಬ್ಬಿಯೆಲ್ಲ ಚಹಾ ಬಣ್ಣ. ಎಬಿಎಸ್‌ನಲ್ಲಿ ಬೆರೆತಿರುವ ರಬ್ಬರಿನ ಅಂಶ ಬೆಳಕು, ಗಾಳಿಗೆ ಹಳದಿಯಾಗುತ್ತದೆ. ಟೇಪು ಬೆಳಕು ತಡೆದದ್ದರಿಂದ ಅಷ್ಟು ಜಾಗ ಹಳೇ ಬಣ್ಣದಲ್ಲೇ ಉಳಿದಿತ್ತು. ಅಮ್ಮ ಬಂದು ನೋಡಿದರು. “ಹೌದು ಕಣೋ, ತಂದಾಗ ಇದು ಬೆಳ್ಳಗಿತ್ತು” ಅಂದರು.

ಮುಚ್ಚಳ ಈಗಲೂ ನಿಲ್ಲುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕೋಣ ಅಂತ ತೆಗೆದೆ. ಅದೂ ರಬ್ಬರೇ ಅಲ್ವಾ? ವಾಪಸ್ ಇಟ್ಟು, ಹೂವು ಕಟ್ಟುವ ದಾರ ಸುತ್ತಿದೆ.